ಹಾಸ್ಟೆಲ್ ಅಡುಗೆಮನೆಯ ಸ್ಟೀಮ್ ಲೈನು ಬಡಿದುಕೊಂಡರೆ ದೋಷ ಎಲ್ಲಿ ಹುಡುಕಬೇಕು

ದಾವಣಗೆರೆಯಲ್ಲಿ ಹಾಸ್ಟೆಲ್‌ಗಳಿಗೂ ಕಲ್ಯಾಣ ಮಂಟಪಗಳಿಗೂ ಬರವಿಲ್ಲ. ನೂರಾರು ಜನಕ್ಕೆ ಒಂದೇ ಹೊತ್ತಿಗೆ ಇಡ್ಲಿ, ಅನ್ನ ಬೇಯಿಸುವ ಕಡೆ ಸೌದೆ ಒಲೆ ಹೋಗಿ ಸಣ್ಣ ಸ್ಟೀಮ್ ಬಾಯ್ಲರ್ ಬಂದಿವೆ. ಬಾಯ್ಲರ್ ಮಾರಿದವರು ಅದನ್ನು ಇಳಿಸಿ, ಬರ್ನರ್ ಹೊತ್ತಿಸಿ ತೋರಿಸಿ ಹೊರಡುತ್ತಾರೆ. ಪೈಪಿನ ಕೆಲಸ ಊರಿನ ಪ್ಲಂಬರ್ ಪಾಲಿಗೆ ಬರುತ್ತದೆ. ನೀರಿನ ಲೈನು ಎಳೆದ ಅಭ್ಯಾಸದಲ್ಲೇ ಹಬೆಯ ಲೈನನ್ನೂ ಎಳೆದರೆ ಏನಾಗುತ್ತದೆ ಅನ್ನುವುದು ಮೊದಲ ಬೆಳಿಗ್ಗೆಯೇ ಕಿವಿಗೆ ಬೀಳುತ್ತದೆ.

ಉದಾಹರಣೆಗೆ ಹದಡಿ ರಸ್ತೆ ಕಡೆಯ ಒಂದು ಹಾಸ್ಟೆಲ್ ಅಡುಗೆಮನೆ ತಗೊಳ್ಳೋಣ. ಗಂಟೆಗೆ 100 ಕೆ.ಜಿ. ಹಬೆ ಕೊಡುವ ಗ್ಯಾಸ್ ಬಾಯ್ಲರ್, ಕೆಲಸದ ಒತ್ತಡ ಚದರ ಸೆಂಟಿಮೀಟರಿಗೆ ಅರ್ಧ ಕೆ.ಜಿ. ಇಡ್ಲಿ ಪೆಟ್ಟಿಗೆಗೆ ಹಬೆ ನೇರ ಹೋಗುತ್ತದೆ. ಅನ್ನ, ಸಾರಿನ ಹಂಡೆಗಳು ಎರಡು ಪದರದವು, ಹಬೆ ನಡುವಿನ ಸಂದಿಯಲ್ಲಿ ಸುತ್ತುತ್ತದೆ. ಮುಖ್ಯ ಅಡುಗೆಯವರು ದೂರು ಹೇಳಿದ್ದು ಹೀಗೆ: "ಇಡ್ಲಿ ತಟ್ಟಿ ತೆಗುದ್ರೆ ಮ್ಯಾಲೆ ನೀರು ನಿಂತಿರ್ತತಿ ಸರ. ಬೆಳಿಗ್ಗಿ ವಾಲ್ವ್ ತಿರಿವಿದ್ ಕೂಡ್ಲೆ ಪೈಪ್ನಾಗೆ ಯಾರೋ ಸುತ್ತಿಗಿ ತಗಂಡು ಬಡುದಂಗ ಆಗ್ತತಿ. ಆಮ್ಯಾಲೆ ಬರ್ನರ್ ಆಫ್." ಗೇಜ್ ಗ್ಲಾಸಿನಲ್ಲಿ, ಅಂದರೆ ಬಾಯ್ಲರ್ ನೀರಿನ ಮಟ್ಟ ತೋರುವ ಗಾಜಿನ ಕೊಳವೆಯಲ್ಲಿ, ನೀರು ಕುಣಿಯುವುದು, ಬರ್ನರ್ 'ನೀರು ಕಡಿಮೆ' ಎಂದು ಟ್ರಿಪ್ ಆಗುವುದು, ಅಂದರೆ ತಾನಾಗಿ ನಿಲ್ಲುವುದು, ಪಂಪು ನೀರು ತುಂಬುವುದು, ಸ್ವಲ್ಪ ಹೊತ್ತಿಗೆ ಗ್ಲಾಸು ತುಂಬಿ ತುಳುಕುವುದು, ಇವೂ ಇದ್ದವು. ಆಡಳಿತದವರು ಅಷ್ಟರಲ್ಲೇ ನೀರಿನ ಮಟ್ಟ ನೋಡಿ ಪಂಪು, ಬರ್ನರ್ ನಡೆಸುವ ಲೆವೆಲ್ ಕಂಟ್ರೋಲರ್ ಬದಲಾಯಿಸಲು ದುಡ್ಡು ಮಂಜೂರು ಮಾಡಿದ್ದರು.

ನಾನು ಹೇಳುವುದು ಇಷ್ಟು: ಇಂಥ ದೂರು ಬಂದಾಗ ಬಾಯ್ಲರ್ ಬಿಚ್ಚುವ ಮೊದಲು ಅದರ ನೆತ್ತಿಯಿಂದ ಹೊರಟ ಮೊದಲ ಎರಡು ಮೀಟರ್ ಪೈಪು ನೋಡಿ. ಹಸಿ ಹಬೆ, ಬಡಿತ, ಬರ್ನರ್ ಟ್ರಿಪ್ ಮೂರೂ ಬಹುಪಾಲು ಅಲ್ಲೇ ಹುಟ್ಟುತ್ತವೆ.

ಸ್ಪ್ಯಾನರ್ ಮುಟ್ಟುವ ಮೊದಲು

ಯಾವ ಜಾಯಿಂಟನ್ನೂ ಒತ್ತಡ ಇರುವಾಗ ಸಡಿಲಿಸಬೇಡಿ. ಪ್ರೆಷರ್ ಗೇಜಿನ ಮುಳ್ಳು ಸೊನ್ನೆಗೆ ಬಂದರೂ ಡ್ರೈನ್ ತೆರೆದು ಖಾತ್ರಿ ಮಾಡಿಕೊಳ್ಳಿ, ಏಕೆಂದರೆ ಗೇಜಿನ ಕೆಳಗಿನ ಸುರುಳಿ ಪೈಪು ಕಟ್ಟಿಕೊಂಡಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ. ಅದೇ ಸುರುಳಿಯ ಮೇಲೆ ಪ್ರೆಷರ್ ಸ್ವಿಚ್ಚೂ ಕೂತಿದ್ದರೆ ಇನ್ನೂ ಅಪಾಯ: ಒತ್ತಡ ಏರಿದ್ದು ಸ್ವಿಚ್ಚಿಗೆ ತಿಳಿಯುವುದಿಲ್ಲ, ಬರ್ನರ್ ನಿಲ್ಲುವುದಿಲ್ಲ, ಉಳಿಯುವುದು ಸೇಫ್ಟಿ ವಾಲ್ವ್ ಒಂದೇ. ಹಾಗಾಗಿ ಸುರುಳಿ ಬಿಚ್ಚಿ ತಂತಿ ಆಡಿಸಿ ತೊಳೆಯುವುದು ಮೊದಲ ಕೆಲಸ. ಮತ್ತೆ ಕೂರಿಸುವಾಗ ಅದರೊಳಗೆ ನೀರು ತುಂಬಿಸಿಯೇ ಕೂರಿಸಿ. ಹಬೆ ನೇರ ಗೇಜಿಗೆ ತಾಗಬಾರದು.

ಗ್ಲಾಸಿನಲ್ಲಿ ನೀರೇ ಕಾಣದೆ ಬರ್ನರ್ ಉರಿಯುತ್ತಿದ್ದರೆ ಗ್ಯಾಸ್ ಮುಚ್ಚಿ, ತಾನಾಗಿ ತಣಿಯಲು ಬಿಡಿ. ಕಾದ ಬರಿ ಬಾಯ್ಲರ್‌ಗೆ ತಣ್ಣೀರು ಬಿಡುವ ಧೈರ್ಯ ಯಾರೂ ಮಾಡಬಾರದು.

ಕಾನೂನಿನ ಮಾತೂ ಒಂದಿದೆ. 1923ರ ಬಾಯ್ಲರ್ ಕಾಯ್ದೆಯ ಜಾಗಕ್ಕೆ ಈಗ 2025ರ ಕಾಯ್ದೆ ಬಂದಿದೆ. 25 ಲೀಟರಿಗಿಂತ ಕಡಿಮೆ ಹಿಡಿಯುವ, ಅಥವಾ ವಿನ್ಯಾಸದ ಒತ್ತಡ ಮತ್ತು ಕೆಲಸದ ಒತ್ತಡ ಎರಡೂ ಚದರ ಸೆಂಟಿಮೀಟರಿಗೆ ಒಂದು ಕೆ.ಜಿ.ಗಿಂತ ಕೆಳಗಿರುವ ಬಾಯ್ಲರ್ ಅದರ ಹೊರಗೆ. ಗಮನಿಸಿ, ವಿನ್ಯಾಸದ ಒತ್ತಡವೂ ಲೆಕ್ಕಕ್ಕೆ ಬರುತ್ತದೆ. ಪ್ಲೇಟಿನ ಮೇಲೆ ಮೂರೂವರೆ ಕೆ.ಜಿ. ಎಂದು ಕೆತ್ತಿರುವ ಬಾಯ್ಲರನ್ನು ಅರ್ಧ ಕೆ.ಜಿ.ಗೆ ಓಡಿಸಿದರೆ ಅದು ಹೊರಗಾಗುವುದಿಲ್ಲ. ನೋಂದಣಿಯಾದ ಬಾಯ್ಲರ್‌ನ ಸ್ಟೀಮ್ ಪೈಪು ಬದಲಾಯಿಸಲು ಕಾರ್ಖಾನೆ, ಬಾಯ್ಲರ್ ಇಲಾಖೆಯ ಅನುಮತಿ ಬೇಕು.

ಗ್ಲಾಸು ಹೇಳುವ ಮಾತು

ಬರ್ನರ್ ಉರಿಯುವಾಗ ಗ್ಲಾಸಿನ ನೀರು ಎರಡು ಸೆಂಟಿಮೀಟರಿನಷ್ಟು ಮೇಲೆ ಕೆಳಗೆ ಆಡಿದರೆ ಚಿಂತೆಯಿಲ್ಲ. ಐದು ಸೆಂಟಿಮೀಟರ್ ಜಿಗಿಯುತ್ತಿದ್ದರೆ, ನೀರಿನ ಮಟ್ಟದ ಮೇಲೂ ಗ್ಲಾಸಿನ ಒಳಗೋಡೆಗೆ ಹನಿಗಳು ಅಂಟಿ ಇಳಿಯುತ್ತಿದ್ದರೆ ಹಬೆಯ ಜೊತೆ ನೀರೂ ಹಾರುತ್ತಿದೆ ಎಂದರ್ಥ. ಇದಕ್ಕೆ ಕಾರಣ ಎರಡರಲ್ಲೊಂದು: ನೀರು ಕೊಳಕಾಗಿದೆ, ಇಲ್ಲವೇ ಪೈಪು ಸಣ್ಣದಾಗಿದೆ. ಎರಡೂ ಒಟ್ಟಿಗೆ ಇರುವುದೂ ಉಂಟು. ಬೇರೆ ಮಾಡಿ ನೋಡುವುದು ಹೀಗೆ.

ಬಾಯ್ಲರ್ ಕೆಲಸದ ಒತ್ತಡಕ್ಕೆ ಬರಲಿ. ಗ್ಲಾಸಿನ ಪಕ್ಕ ನಿಂತು ಮುಖ್ಯ ವಾಲ್ವನ್ನು ನಿಧಾನ ಮುಚ್ಚುತ್ತಾ ಬನ್ನಿ, ಒಂದು ಎಳೆ ಮಾತ್ರ ಹಬೆ ಹೊರಡುವಷ್ಟು ಉಳಿಸಿ. ಬರ್ನರ್ ಇನ್ನೂ ಉರಿಯುತ್ತಿರುವಾಗಲೇ ನೀರು ಸುಮ್ಮನಾಯಿತೇ? ಹಾಗಿದ್ದರೆ ಹಬೆಯ ವೇಗವೇ ನೀರನ್ನು ಎಳೆಯುತ್ತಿತ್ತು, ದೋಷ ಪೈಪಿನದು. ವಾಲ್ವ್ ಮುಚ್ಚಿದರೂ ಕುಣಿತ ನಿಲ್ಲಲಿಲ್ಲವೇ? ನೀರನ್ನೇ ಅನುಮಾನಿಸಿ. ಒತ್ತಡ ಏರಿ ಬರ್ನರ್ ತಾನಾಗಿ ನಿಂತ ಮೇಲೆ ಕಂಡದ್ದು ಲೆಕ್ಕಕ್ಕಿಲ್ಲ, ಬೆಂಕಿಯಿಲ್ಲದಾಗ ಎಂಥ ನೀರೂ ಸುಮ್ಮನಿರುತ್ತದೆ. ಈ ಪರೀಕ್ಷೆ ಮುಗಿಯುವವರೆಗೆ ಅಲ್ಲಿಂದ ಕದಲಬೇಡಿ.

ನೀರಿನ ಅನುಮಾನ ತೀರಿಸಲು ಲ್ಯಾಬ್ ಬೇಡ. ಗ್ಲಾಸಿನ ಡ್ರೈನ್‌ನಿಂದ ಒಂದು ಸ್ಟೀಲ್ ಪಾತ್ರೆಗೆ ಬಾಯ್ಲರ್ ನೀರು ಹಿಡಿದು ಒಲೆಯ ಮೇಲಿಡಿ. ಪಕ್ಕದ ಒಲೆಯಲ್ಲಿ ನಲ್ಲಿ ನೀರು ಇಡಿ. ನಲ್ಲಿ ನೀರಿನ ಗುಳ್ಳೆ ಮೇಲೆ ಬಂದು ಒಡೆಯುತ್ತದೆ. ಎಣ್ಣೆ ಇದ್ದ ನೀರು ಕುದಿ ಹತ್ತುತ್ತಲೇ ನೊರೆ ಕಟ್ಟಿ ಪಾತ್ರೆಯ ಅಂಚಿಗೆ ಏರುತ್ತದೆ. ಹೊಸ ಪೈಪಿಗೆ ಥ್ರೆಡ್ ಹೊಡೆಯುವಾಗ ಬಿಟ್ಟ ಕಟಿಂಗ್ ಆಯಿಲ್, ಪೈಪಿನ ಒಳಗಿನ ಗ್ರೀಸು ಹಬೆಯಿಂದ ತೊಳೆದು ಬಾಯ್ಲರ್‌ಗೆ ಇಳಿದಿರುತ್ತದೆ. ಎಣ್ಣೆ ನೀರಿನ ಮೇಲೆ ಪದರವಾಗಿ ಕೂರುವುದರಿಂದ ಹಬೆಯ ಗುಳ್ಳೆ ಸಲೀಸಾಗಿ ಒಡೆಯದೆ ನೀರನ್ನೂ ಎತ್ತಿಕೊಂಡು ಹೋಗುತ್ತದೆ.

ಇಲ್ಲೇ ಒಂದು ಸಾಮಾನ್ಯ ಎಡವಟ್ಟು ನಡೆಯುತ್ತದೆ. ತಳದ ನೀರು ಹೊರಬಿಡುವ ಬ್ಲೋಡೌನ್ ವಾಲ್ವ್ ತೆರೆದು ಇಡೀ ಬಾಯ್ಲರ್ ಖಾಲಿ ಮಾಡಿ 'ತೊಳೆದೆವು' ಅನ್ನುತ್ತಾರೆ. ನೀರು ಇಳಿದಂತೆ ಎಣ್ಣೆಯೂ ಇಳಿದು ಒಳಗೋಡೆಗೆ ಮೆತ್ತಿಕೊಳ್ಳುತ್ತದೆ, ಮತ್ತೆ ತುಂಬಿದಾಗ ಮತ್ತೆ ತೇಲುತ್ತದೆ. ಎಣ್ಣೆಯನ್ನು ಮೇಲಿನಿಂದಲೇ ತೆಗೆಯಬೇಕು. ನೀರಿನ ಮಟ್ಟದ ಎತ್ತರಕ್ಕೆ ಬಾಯ್ಲರ್‌ಗೆ ಒಂದು ಪಕ್ಕದ ಬಾಯಿ ಕೊಟ್ಟಿರುತ್ತಾರೆ; ಪ್ಲಗ್ ಹಾಕಿ ಮುಚ್ಚಿರುತ್ತದೆ. ಒತ್ತಡವೆಲ್ಲ ಇಳಿಸಿ, ತಣಿಸಿ, ಆ ಪ್ಲಗ್ ತೆಗೆದು ಒಂದೂಕಾಲು ಇಂಚಿನ ಪೈಪು ಕೂರಿಸಿ. ಆಮೇಲೆ ನೀರು ಬಿಸಿಯಾಗಿರಲಿ, ಕುದಿಯದಿರಲಿ. ಫೀಡ್ ವಾಲ್ವ್ ಕೊಂಚ ತೆರೆದು, ಆ ಬಾಯಿಂದ ಪೆನ್ಸಿಲ್ ದಪ್ಪದ ಧಾರೆ ಮಾತ್ರ ಹೊರಬೀಳುವಂತೆ ಗಂಟೆಗಟ್ಟಲೆ ಬಿಡಿ. ಬೇಸರದ ಕೆಲಸ. ಆತುರಕ್ಕೆ ವಾಲ್ವ್ ಪೂರ್ತಿ ತೆರೆದರೆ ನೀರು ಕಲಕಿ ಎಣ್ಣೆ ಒಳಗೇ ಉಳಿಯುತ್ತದೆ. ಪಾತ್ರೆ ಪರೀಕ್ಷೆಯಲ್ಲಿ ನೊರೆ ನಿಲ್ಲುವವರೆಗೆ ಹಬೆಯನ್ನು ಇಡ್ಲಿ ಪೆಟ್ಟಿಗೆಗೆ ಬಿಡಲೇಬೇಡಿ, ಅದು ಊಟಕ್ಕೆ ಸೇರುವ ಹಬೆ.

ನೊರೆಗೆ ಇನ್ನೊಂದು ಕಾರಣ ನಮ್ಮ ಕಡೆಯ ನೀರು. ಕಾಲುವೆ ನಿಂತ ತಿಂಗಳಲ್ಲಿ ಬೋರ್‌ವೆಲ್ ನೀರು, ಟ್ಯಾಂಕರ್ ನೀರು ಬಾಯ್ಲರ್‌ಗೆ ಹೋಗುತ್ತದೆ. ಸಾಫ್ಟ್‌ನರ್ ಇದೆಯಲ್ಲ ಅಂತ ನೆಮ್ಮದಿಯಾಗಿ ಕೂರುವ ಹಾಗಿಲ್ಲ. ಸಾಫ್ಟ್‌ನರ್ ಗಡಸುತನ ತೆಗೆಯುತ್ತದೆಯೇ ಹೊರತು ಕರಗಿದ ಉಪ್ಪಿನ ಮೊತ್ತ ತೆಗೆಯುವುದಿಲ್ಲ. ಕ್ಯಾಲ್ಸಿಯಂ ಜಾಗಕ್ಕೆ ಸೋಡಿಯಂ ಬರುತ್ತದೆ ಅಷ್ಟೆ. ಹಬೆ ಹೋಗುತ್ತದೆ, ಉಪ್ಪು ಉಳಿದು ಗಟ್ಟಿಯಾಗುತ್ತದೆ. ದಿನವೂ ಬ್ಲೋಡೌನ್ ಮಾಡುತ್ತಿದ್ದರೆ ಮಾತ್ರ ಟಿ.ಡಿ.ಎಸ್., ಅಂದರೆ ಕರಗಿದ ಉಪ್ಪಿನ ಮೊತ್ತ, ಹತೋಟಿಯಲ್ಲಿರುತ್ತದೆ. ಬಾಯ್ಲರ್‌ಗೆ ಹಾಕುವ ರಾಸಾಯನಿಕವೂ ಆಹಾರಕ್ಕೆ ತಾಗುವ ಹಬೆಗೆ ಒಪ್ಪಿಗೆಯಾದದ್ದೇ ಆಗಿರಬೇಕು.

ನೆತ್ತಿಯ ಮೇಲಿನ ಎರಡು ಮೀಟರ್

ಹದಡಿ ರಸ್ತೆಯ ಬಾಯ್ಲರ್‌ಗೆ ಮೇಲೆ ಮೂರಿಂಚಿನ ಬಾಯಿ ಇತ್ತು. ಅದರ ಮೇಲೆ ರೆಡ್ಯೂಸರ್ ಕೂರಿಸಿ ಒಂದಿಂಚಿನ ಪೈಪು ಎತ್ತಿದ್ದರು. ಅಡುಗೆಮನೆಯ ವಾಲ್ವ್‌ಗಳೆಲ್ಲ ಒಂದಿಂಚಿನವು, ಪೈಪು ಮಾತ್ರ ಯಾಕೆ ದೊಡ್ಡದು ಅನ್ನುವ ಲೆಕ್ಕ. ನೀರಿಗೆ ಈ ಲೆಕ್ಕ ನಡೆಯುತ್ತದೆ.

ಹಬೆಯ ಲೆಕ್ಕ ಬೇರೆ. ಬಯಲು ಒತ್ತಡದಲ್ಲಿ ಒಂದು ಲೀಟರ್ ನೀರು ಸುಮಾರು 1,700 ಲೀಟರ್ ಹಬೆಯಾಗುತ್ತದೆ. ಅರ್ಧ ಕೆ.ಜಿ. ಒತ್ತಡದಲ್ಲಿ ಒಂದು ಕೆ.ಜಿ. ಹಬೆಗೆ ಬೇಕಾದ ಜಾಗ ಸುಮಾರು 1.16 ಘನ ಮೀಟರ್. ಗಂಟೆಗೆ 100 ಕೆ.ಜಿ. ಎಂದರೆ 116 ಘನ ಮೀಟರ್. ಇಷ್ಟನ್ನು ಒಂದಿಂಚಿನ ಸಿ-ಕ್ಲಾಸ್ (ದಪ್ಪ ಗೋಡೆಯ) ಪೈಪಿನಲ್ಲಿ ತುರುಕಿದರೆ ವೇಗ ಸೆಕೆಂಡಿಗೆ 60 ಮೀಟರ್ ದಾಟುತ್ತದೆ, ಗಂಟೆಗೆ 200 ಕಿಲೋಮೀಟರಿಗೂ ಮೇಲೆ. ಎರಡಿಂಚಿಗೆ ಅದು 15 ಮೀಟರಿನ ಹತ್ತಿರ, ಮೂರಿಂಚಿಗೆ ಆರೂವರೆ ಮೀಟರ್. ಬೆಳಿಗ್ಗೆ ಒತ್ತಡ ಇನ್ನೂ ಏರದಿದ್ದಾಗ ಹಬೆ ಮತ್ತಷ್ಟು ಹಿಗ್ಗಿರುತ್ತದೆ. ಆಗ ಅದೇ ಒಂದಿಂಚಿನಲ್ಲಿ ವೇಗ ಸೆಕೆಂಡಿಗೆ 90 ಮೀಟರಿನ ಸಮೀಪ. ಆ ವೇಗಕ್ಕೆ ಬಾಯ್ಲರ್ ನೀರು ಹನಿಹನಿಯಾಗಿ ಅಲ್ಲ, ಧಾರೆಯಾಗಿ ಏರುತ್ತದೆ. ಒಳಗೆ ನೀರು ನಿಜವಾಗಿಯೇ ಕಡಿಮೆಯಾಗಿ ಬರ್ನರ್ ಟ್ರಿಪ್ ಆಗುತ್ತದೆ, ಪಂಪು ತುಂಬುತ್ತದೆ. ಹೋದ ನೀರು ಪೈಪಿನಿಂದ ವಾಪಸ್ ಬಂದಾಗ ಗ್ಲಾಸು ತುಳುಕುತ್ತದೆ. ಲೆವೆಲ್ ಕಂಟ್ರೋಲರ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು.

ಇದಕ್ಕೆ ಮದ್ದು ಹುಡುಕಲು ನಾವು ಹೊಸದಾಗಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಮೆರಿಕದ ಚಳಿಯ ಊರುಗಳ ಹಳೆ ಮನೆಗಳಲ್ಲಿ ನೆಲಮಾಳಿಗೆಯ ಸಣ್ಣ ಬಾಯ್ಲರ್‌ನಿಂದ ಕೋಣೆಕೋಣೆಯ ರೇಡಿಯೇಟರಿಗೆ ಹಬೆ ಕೊಟ್ಟು ಮನೆ ಬೆಚ್ಚಗಿಡುತ್ತಾರೆ, ಅದೂ ಎರಡು ಪಿ.ಎಸ್.ಐ.ಗಿಂತ (ಸುಮಾರು 0.14 ಕೆ.ಜಿ.) ಕಡಿಮೆ ಒತ್ತಡದಲ್ಲಿ. ಕಡಿಮೆ ಒತ್ತಡದ ಹಬೆಯನ್ನು ಒಣಗಿಸುವ ಪೈಪಿನ ಜೋಡಣೆ ಅವರಲ್ಲಿ ಪಳಗಿಬಿಟ್ಟಿದೆ. ಬಾಯ್ಲರ್ ಬಾಯಿ ಎಷ್ಟಿದೆಯೋ ಅಷ್ಟೇ ದಪ್ಪದ ಪೈಪು ನೆಟ್ಟಗೆ ಮೇಲೇರಬೇಕು. ನೀರಿನ ಮಟ್ಟದಿಂದ ಕಡೇಪಕ್ಷ ಎರಡು ಅಡಿ ಮೇಲೆ, ಅಷ್ಟೇ ಅಥವಾ ಇನ್ನೂ ದಪ್ಪದ ಅಡ್ಡ ಪೈಪು, ಅಂದರೆ ಹೆಡರ್. ಅದರಲ್ಲಿ ಹಬೆ ನಿಧಾನವಾಗಿ, ನೀರು ಕೆಳಗೆ ಬೀಳುತ್ತದೆ. ಅಡುಗೆಮನೆಗೆ ಹೋಗುವ ಕವಲು ಹೆಡರ್‌ನ ಮೇಲ್ಮೈಯಿಂದ ಹೊರಡಬೇಕು. ಹೆಡರ್‌ನ ಕೊನೆಯಲ್ಲಿ ಒಂದು ಪೈಪು ಕೆಳಗಿಳಿದು ಬಾಯ್ಲರ್‌ನ ತಳದ ಬಾಯಿಗೆ ಸೇರಬೇಕು, ಇದು ಈಕ್ವಲೈಜರ್. ಬೇರ್ಪಟ್ಟ ನೀರು ಇದರಲ್ಲಿ ಮನೆಗೆ ಮರಳುತ್ತದೆ. ಹೆಡರ್ ಕೂಡ ಈಕ್ವಲೈಜರ್ ಕಡೆಗೇ ವಾಲಿರಲಿ.

ಇದರಲ್ಲಿ ಅನುಕ್ರಮ ತಪ್ಪಿದರೆ ಖರ್ಚು ಮಾಡಿದ್ದು ದಂಡ. ಬಾಯ್ಲರ್‌ನಿಂದ ಬಂದ ಪೈಪು ಮೊದಲು, ಅಡುಗೆಮನೆಯ ಕವಲು ನಡುವೆ, ಈಕ್ವಲೈಜರ್ ಕೊನೆಗೆ. ಬಾಯ್ಲರ್‌ಗೆ ಎರಡು ಬಾಯಿ ಇದ್ದು ಎರಡರ ನಡುವೆ ಕವಲು ತೆಗೆದರೆ ಎರಡು ಕಡೆಯ ಹಬೆ ಎದುರುಬದುರು ಬಂದು ನೀರನ್ನು ನೇರ ಕವಲಿಗೇ ನೂಕುತ್ತದೆ.

ಆ ಮನೆಗಳಲ್ಲಿ ರೇಡಿಯೇಟರಿನಿಂದ ಮರಳುವ ನೀರಿನ ಪೈಪನ್ನೂ ಈಕ್ವಲೈಜರ್‌ಗೆ, ಬಾಯ್ಲರ್ ನೀರಿನ ಮಟ್ಟಕ್ಕಿಂತ ಎರಡು ಇಂಚು ಕೆಳಗೆ ಜೋಡಿಸುತ್ತಾರೆ. ಹಾರ್ಟ್‌ಫರ್ಡ್ ಲೂಪ್ ಅನ್ನುವ ಈ ಜೋಡಣೆಯನ್ನು 1919ರಲ್ಲಿ ಅದೇ ಹೆಸರಿನ ಬಾಯ್ಲರ್ ವಿಮಾ ಕಂಪನಿ ಬಳಕೆಗೆ ತಂದಿತು. ರಿಟರ್ನ್ ಪೈಪು ತೂತಾದರೂ ಬಾಯ್ಲರ್ ಪೂರ್ತಿ ಬರಿದಾಗದಿರಲಿ ಎಂದು. ನಮ್ಮ ಅಡುಗೆಮನೆಗೆ ಇದನ್ನು ಹಾಗೇ ನಕಲು ಮಾಡಲು ಬರುವುದಿಲ್ಲ. ಲೈನಿನ ತುದಿಯಲ್ಲಿ ಒತ್ತಡ ಇಳಿದಿರುತ್ತದೆ. ಅಲ್ಲಿಂದ ನೀರು ತನ್ನ ಭಾರದಿಂದಲೇ ಬಾಯ್ಲರ್‌ಗೆ ನುಗ್ಗಬೇಕಾದರೆ ಪ್ರತಿ 0.1 ಕೆ.ಜಿ. ಒತ್ತಡಕ್ಕೆ ಒಂದು ಮೀಟರ್ ನೀರಿನ ಕಂಬ ಬೇಕು. ಅವರ ಎರಡು ಪಿ.ಎಸ್.ಐ.ಗೆ ಒಂದೂವರೆ ಮೀಟರಿನೊಳಗೆ ಮುಗಿಯುತ್ತದೆ. ನಮ್ಮ ಅರ್ಧ ಕೆ.ಜಿ.ಗೆ, ಟ್ರ್ಯಾಪ್ (ಹಬೆ ತಡೆದು ನೀರು ಮಾತ್ರ ಹೊರಬಿಡುವ ಸಾಧನ) ದಾಟಿ ಒತ್ತಡ ಕಳೆದುಕೊಂಡ ನೀರಿಗೆ, ಐದು ಮೀಟರ್. ಅಷ್ಟು ಎತ್ತರ ಯಾವ ಹಾಸ್ಟೆಲ್ ಅಡುಗೆಮನೆಯಲ್ಲಿದೆ? ಆದ್ದರಿಂದ ಹಂಡೆಗಳ ನೀರು ಫೀಡ್ ಟ್ಯಾಂಕಿಗೆ ಹೋಗಲಿ, ಪಂಪು ತಳ್ಳಲಿ. ಈಕ್ವಲೈಜರ್ ಮಾತ್ರ ಇಲ್ಲೂ ನಡೆಯುತ್ತದೆ, ಅದರ ಎರಡು ತುದಿಯಲ್ಲೂ ಒತ್ತಡ ಹೆಚ್ಚುಕಮ್ಮಿ ಒಂದೇ.

ಬಡಿತ ಯಾವ ಹೊತ್ತಿಗೆ?

ಎಲ್ಲಿ ಬಡಿಯುತ್ತದೆ ಅನ್ನುವುದನ್ನು ಕಿವಿ ನಂಬಿ ಹೇಳಲಾಗದು, ಕಬ್ಬಿಣದಲ್ಲಿ ಸದ್ದು ಉದ್ದಕ್ಕೂ ಓಡುತ್ತದೆ. ಯಾವಾಗ ಬಡಿಯುತ್ತದೆ ಅನ್ನುವುದು ಹೆಚ್ಚು ಹೇಳುತ್ತದೆ.

ವಾಲ್ವ್ ತೆರೆದ ಕೂಡಲೇ ಬಡಿದರೆ ಲೈನಿನಲ್ಲಿ ಎಲ್ಲೋ ರಾತ್ರಿಯ ನೀರು ನಿಂತಿದೆ. ಹಬೆ ಆ ನೀರನ್ನು ಎತ್ತಿ ಮುಂದಿನ ಎಲ್ಬೋಗೆ ಅಪ್ಪಳಿಸುತ್ತದೆ, ಇಲ್ಲವೇ ತಣ್ಣನೆ ನೀರಿನೊಳಗೆ ಸಿಕ್ಕಿದ ಹಬೆಯ ಗುಳ್ಳೆ ಒಮ್ಮೆಲೇ ಕುಗ್ಗಿ ಸುತ್ತಲಿನ ನೀರು ಆ ಜಾಗಕ್ಕೆ ನುಗ್ಗುತ್ತದೆ. ಗಾರೆ ಕೆಲಸದವರ ನೀರಿನ ಟ್ಯೂಬ್ ತಂದು ಬ್ರ್ಯಾಕೆಟ್‌ನಿಂದ ಬ್ರ್ಯಾಕೆಟ್‌ಗೆ ಮಟ್ಟ ಹಿಡಿಯಿರಿ. ಹಬೆ ಹೋಗುವ ದಿಕ್ಕಿಗೇ ಮೀಟರಿಗೆ ಒಂದು ಸೆಂಟಿಮೀಟರ್ ಇಳಿಜಾರು ಇದ್ದರೆ ಸಾಕು. ಸಾಮಾನ್ಯವಾಗಿ ಸಿಕ್ಕಿಬೀಳುವುದು ನಡುವೆ ಜೋಲುಬಿದ್ದ ತುಂಡು. ಹದಡಿ ರಸ್ತೆಯಲ್ಲಿ ಪಾತ್ರೆ ತೊಳೆಯುವವರು ಒದ್ದೆ ಬಟ್ಟೆ, ಕೊಡ ನೇತುಹಾಕಲು ಲೈನನ್ನೇ ಬಳಸುತ್ತಿದ್ದರು. ಒಂದು ಬ್ರ್ಯಾಕೆಟ್ ಸಡಿಲವಾಗಿ ಅಲ್ಲಿ ಎರಡು ಬೆರಳು ತಗ್ಗು ಬಿದ್ದಿತ್ತು. ಒಂದೂವರೆ ಇಂಚಿನ ಲೈನಿಗೆ ಎರಡೂವರೆ ಮೀಟರಿಗೊಂದು ಆಸರೆ ಕೊಡಿ.

ಕಣ್ಣಿಗೆ ಕಾಣದ ತಗ್ಗುಗಳೂ ಇವೆ. ಮಾಮೂಲಿ ರೆಡ್ಯೂಸರ್ ಅಡ್ಡ ಲೈನಿನಲ್ಲಿ ಕೂತರೆ ದಪ್ಪ ಪೈಪಿನ ತಳದಲ್ಲಿ ನೀರು ಉಳಿಯುತ್ತದೆ. ತಳ ಸಮನಾಗಿರುವ ಓರೆ ರೆಡ್ಯೂಸರ್ ಹಾಕಬೇಕು. ಗ್ಲೋಬ್ ವಾಲ್ವನ್ನು ಹಿಡಿ ಮೇಲೆ ಬರುವಂತೆ ಕೂರಿಸಿದರೆ ಒಳಗಿನ ಗೋಡೆಯ ಹಿಂದೆ ನೀರು ನಿಲ್ಲುತ್ತದೆ. ಹಿಡಿ ಪಕ್ಕಕ್ಕೆ ಬರಲಿ. ಹಬೆಯ ಲೈನಿನಲ್ಲಿ ಕಸ ಹಿಡಿಯುವ ಸ್ಟ್ರೈನರ್‌ನ ಜೇಬೂ ಕೆಳಗಲ್ಲ, ಪಕ್ಕಕ್ಕೆ. ಲೈನು ಮೇಲೇರುವ ಪ್ರತಿ ತಿರುವಿನ ಬುಡದಲ್ಲಿ ಟ್ರ್ಯಾಪ್ ಇರಲೇಬೇಕು.

ಟಿಕ್ ಟಿಕ್ ಎಂಬ ಸಣ್ಣ ಸದ್ದು ಬಡಿತವಲ್ಲ. ಉಕ್ಕು 80 ಡಿಗ್ರಿ ಬಿಸಿ ಏರಿದರೆ ಮೀಟರಿಗೆ ಒಂದು ಮಿ.ಮೀ. ಬೆಳೆಯುತ್ತದೆ. ಇಪ್ಪತ್ತು ಮೀಟರ್ ಲೈನು ಎರಡು ಸೆಂಟಿಮೀಟರ್ ಸರಿಯಲು ಜಾಗ ಕೇಳುತ್ತದೆ. ಗೋಡೆ ದಾಟುವಲ್ಲಿ ಸಿಮೆಂಟ್ ಮೆತ್ತಿದ್ದರೆ ಕೆತ್ತಿ ಸ್ಲೀವ್ ಹಾಕಿ.

ಬೆಳಿಗ್ಗೆ ಬರ್ನರ್ ಹೊತ್ತಿಸುವ ಮೊದಲೇ ಗ್ಲಾಸು ತುಂಬಿದ್ದರೆ ಅದು ಬೇರೆ ಕಥೆ. ರಾತ್ರಿ ಬಾಯ್ಲರ್ ತಣಿದಾಗ ಹಬೆ ನೀರಾಗಿ ಒಳಗೆ ನಿರ್ವಾತ ಉಂಟಾಗುತ್ತದೆ. ಅದು ಫೀಡ್ ಟ್ಯಾಂಕಿನ ನೀರನ್ನು ಪಂಪಿನ ಮೂಲಕವೇ ಎಳೆದುಕೊಳ್ಳುತ್ತದೆ. ಆ ದಿಕ್ಕಿಗೆ ನಾನ್ ರಿಟರ್ನ್ ವಾಲ್ವ್ ಹೇಗೂ ತೆರೆದೇ ಇರುತ್ತದೆ, ಅದನ್ನು ಬದಲಾಯಿಸಿ ಉಪಯೋಗವಿಲ್ಲ. ಹೆಡರ್ ಮೇಲೆ, ನಿರ್ವಾತವಾದಾಗ ಹೊರಗಿನ ಗಾಳಿ ಒಳಬಿಡುವ ಒಂದು ವ್ಯಾಕ್ಯೂಮ್ ಬ್ರೇಕರ್ ಕೂರಿಸಿದರೆ ಮುಗಿಯಿತು.

ಒಂದೇ ಹಂಡೆ ನಿಧಾನ

ಉಳಿದವು ಸರಿಯಿದ್ದು ಕೊನೆಯ ಹಂಡೆ ಮಾತ್ರ ಕಾಯದಿದ್ದರೆ ಗಾಳಿ ಸಿಕ್ಕಿಕೊಂಡಿದೆ, ಅಥವಾ ಟ್ರ್ಯಾಪ್ ಕಟ್ಟಿದೆ. ಅರ್ಧ ಕೆ.ಜಿ. ಹಬೆ ಸುಮಾರು 110 ಡಿಗ್ರಿ ಇರಬೇಕು. ಹಂಡೆಯ ಒಳಬಾಯಿಯ ಪೈಪಿನ ಮೇಲೆ 85–90 ಮಾತ್ರ ಬಂದರೆ ಹಬೆಯಲ್ಲಿ ಗಾಳಿ ಬೆರೆತಿದೆ. ಲೈನಿನ ತುದಿಗೆ ಗಾಳಿ ಹೊರಬಿಡುವ ಏರ್ ವೆಂಟ್ ಬೇಕು. ಕೈಯಲ್ಲಿ ಹಿಡಿದು ತೋರುವ ಇನ್‌ಫ್ರಾರೆಡ್ ಥರ್ಮಾಮೀಟರ್ ಹೊಳೆಯುವ ಸ್ಟೀಲ್ ಮೇಲೆ ಕಡಿಮೆ ತೋರಿಸುತ್ತದೆ. ಕರಿ ಇನ್ಸುಲೇಶನ್ ಟೇಪ್ ಒಂದು ತುಂಡು ಅಂಟಿಸಿ ಅದರ ಮೇಲೆ ಗುರಿಯಿಡಿ. ಇನ್ನೊಂದು ಮಾತು: ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 98 ಡಿಗ್ರಿಗೆ. ಇಡ್ಲಿ ಪೆಟ್ಟಿಗೆಯಲ್ಲಿ 100 ಬರಲಿಲ್ಲ ಎಂದು ಥರ್ಮಾಮೀಟರ್ ಎಸೆಯಬೇಡಿ.

ಟ್ರ್ಯಾಪ್ ಬಗ್ಗೆ ಅಂಗಡಿಯವರ ಮಾತು ಕೇಳಿ ಥರ್ಮೋಡೈನಾಮಿಕ್ ತರುವವರೇ ಹೆಚ್ಚು, ಸಣ್ಣದು, ಗಟ್ಟಿ. ಅರ್ಧ ಕೆ.ಜಿ. ಲೈನಿಗೆ ಅದು ಒಗ್ಗುವುದಿಲ್ಲ, ಕೆಲಸ ಮಾಡಲು ಬೇಕಾದ ಒತ್ತಡದ ಅಂತರ ಸಾಲದೆ ಹೋಗಬಹುದು. ಹಂಡೆಗೆ ಫ್ಲೋಟ್ ಟ್ರ್ಯಾಪ್ ಇಲ್ಲವೇ ಬ್ಯಾಲೆನ್ಸ್‌ಡ್ ಪ್ರೆಷರ್ ಟ್ರ್ಯಾಪ್ ಹಾಕಿ.

ಹದಡಿ ರಸ್ತೆಯಲ್ಲಿ ಮಾಡಿದ್ದು ಇಷ್ಟೇ: ಒಂದಿಂಚಿನ ಏರು ಪೈಪು ಕಿತ್ತು ಮೂರಿಂಚಿನ ಏರು, ಮೂರಿಂಚಿನ ಹೆಡರ್, ಒಂದೂವರೆ ಇಂಚಿನ ಈಕ್ವಲೈಜರ್, ಅಡುಗೆಮನೆಗೆ ಎರಡಿಂಚಿನ ಲೈನು, ಜೋಲಿದ್ದ ಕಡೆ ಹೊಸ ಬ್ರ್ಯಾಕೆಟ್, ತುದಿಗೆ ಏರ್ ವೆಂಟ್. ಲೆವೆಲ್ ಕಂಟ್ರೋಲರ್ ಹಳೆಯದೇ ಇದೆ. ಗ್ಲಾಸಿನ ನೀರು ಈಗ ಒಂದು ಬೆರಳು ಆಡುತ್ತದೆ, ಇಡ್ಲಿ ತಟ್ಟೆ ಒಣಗಿ ಬರುತ್ತದೆ.

ಹೀಗೆ ಪೈಪು ಬದಲಿಸಿದ ಮೇಲೆ ಹೊಸ ಥ್ರೆಡ್‌ಗಳ ಎಣ್ಣೆ ಮತ್ತೆ ಬಾಯ್ಲರ್‌ಗೆ ಇಳಿಯುತ್ತದೆ. ಪಾತ್ರೆ ಪರೀಕ್ಷೆ ಮಾಡಿ ಪಕ್ಕದ ಬಾಯಿಂದ ಇನ್ನೊಮ್ಮೆ ಎಣ್ಣೆ ತೆಗೆಯಿರಿ. ವಾರ ಕಳೆದ ಮೇಲೆ ಸ್ಟ್ರೈನರ್‌ಗಳನ್ನೆಲ್ಲ ಬಿಚ್ಚಿ ಕಬ್ಬಿಣದ ಪುಡಿ, ಟೆಫ್ಲಾನ್ ಟೇಪಿನ ಚೂರು ತೆಗೆಯಿರಿ. ಇನ್ಸುಲೇಶನ್ ಸುತ್ತುವುದು ಆಮೇಲೆ, ಎಲ್ಲ ಜಾಯಿಂಟುಗಳ ಸೋರಿಕೆ ಬಿಸಿಯಲ್ಲೂ ತಣ್ಣಗಿದ್ದಾಗಲೂ ನೋಡಿಯಾದ ಮೇಲೆ.